ಚೆಕ್ಕಿನ ಬೆನ್ನ ಮೇಲಿನ ದಸ್ತಖತ್ತು

ಭಾಲ್ಕಿ ತಾಲ್ಲೂಕಿನ ಖಟಕ ಚಿಂಚೋಳಿಯಿಂದ ಒಬ್ಬ ಖಾಲಾ ನಮ್ಮ ಮನೆಗೆ ಬಂದಿದ್ದರು. ಸೆರಗಿನ ಗಂಟು ಬಿಚ್ಚಿ, ಮಡಚಿಟ್ಟಿದ್ದ ಒಂದು ಚೆಕ್ಕನ್ನು ತೆಗೆದು ಮುಂದಿಟ್ಟರು. ತೊಗರಿ ಮಾರಿದ ಹಣ, 46 ಸಾವಿರ ರೂಪಾಯಿ. ಅಡತಿ ಅಂಗಡಿಯವರು ಬರೆದುಕೊಟ್ಟ ಆ ಚೆಕ್ಕಿನಲ್ಲಿ ಅವರ ಹೆಸರಿನ ಕೊನೆಗೆ ‘ಬೇಗಂ’ ಎಂದಿತ್ತು. ಬ್ಯಾಂಕಿನ ಪಾಸ್‌ಬುಕ್ಕಿನಲ್ಲಿ ‘ಬೀ’ ಎಂದಿತ್ತು. ಮಾಲು ತೂಗಿಸಿಕೊಟ್ಟ ದಲಾಲ ಅವರಿಗೆ ಹೀಗೆ ಹೇಳಿದ್ದನಂತೆ: “ಹೆಸರು ತಪ್ಪಾಗಿದೆ ಖಾಲಾ, ಇದು ನಿಮ್ಮ ಖಾತೆಗೆ ಹೋಗೋದಿಲ್ಲ. ಹಿಂದೆ ಒಂದು ದಸ್ತಖತ್ತು ಹಾಕಿಕೊಡಿ. ನನ್ನ ಖಾತೆಗೆ ಹಾಕಿ ನಗದು ತಂದುಕೊಡ್ತೀನಿ.” ಖಾಲಾ ಉರ್ದುವಿನಲ್ಲಿ ತಮ್ಮ ಹೆಸರನ್ನು ಬರೆಯಬಲ್ಲರು. ಆದರೂ ಅವರಿಗೆ ಅನುಮಾನ. “ಮಾಸ್ತರ್, ಪೀಛೆ ದಸ್ತಖತ್ ಕರೂಂ ಕ್ಯಾ?” ಎಂದು ಕೇಳಿದರು.

ಹಿಂದೆ ಸಹಿ ಹಾಕಲೇ ಎಂಬ ಈ ಪ್ರಶ್ನೆ ಚಿಕ್ಕದಾಗಿ ಕಾಣುತ್ತದೆ. ಆದರೆ ಅದಕ್ಕೆ ಉತ್ತರ ಹುಡುಕುತ್ತಾ ಹೋದಾಗ ನಾವು ಮದೀನಾದ ಪೇಟೆಯವರೆಗೂ, ಬೀದರಿನ ಮಹಮೂದ್ ಗಾವಾನನ ಗೋರಿಯವರೆಗೂ ಹೋಗಿ ಬರಬೇಕಾಯಿತು.

ಮೊದಲು ಆ ಊರಿನ ಬಗ್ಗೆ ಒಂದು ಮಾತು. ಖಟಕ ಚಿಂಚೋಳಿ ಭಾಲ್ಕಿ ತಾಲ್ಲೂಕಿನ ಹೋಬಳಿ ಊರು. ಬರೀ ಚಿಂಚೋಳಿ ಎಂದರೆ ಹೊರಗಿನವರು ಕಲಬುರಗಿ ಜಿಲ್ಲೆಯ ತಾಲ್ಲೂಕು ಕೇಂದ್ರವೆಂದೇ ತಿಳಿಯುತ್ತಾರೆ. ಹಾಗಾಗಿ ಕಾಗದಪತ್ರದಲ್ಲಿ ‘ಖಟಕ’ವನ್ನು ಬಿಡುವಂತಿಲ್ಲ. ಹೆಸರಿನ ಒಂದು ತುಣುಕು ಬಿಟ್ಟುಹೋದರೆ ಕಾಗದ ಬೇರೊಂದು ಊರಿನ ದಾರಿ ಹಿಡಿಯುತ್ತದೆ. ಊರಿನ ಹೆಸರಿಗೆ ಅನ್ವಯಿಸುವ ಈ ಮಾತು ಮನುಷ್ಯರ ಹೆಸರಿಗೂ ಅನ್ವಯಿಸುತ್ತದೆ ಎಂಬುದು ಖಾಲಾರ ಚೆಕ್ಕಿನಿಂದ ನಮಗೆ ಮನವರಿಕೆಯಾಯಿತು.

ಚೆಕ್ಕಿನ ಹಿಂಭಾಗದಲ್ಲಿ ಸಹಿ ಮಾಡಿ ಅದನ್ನು ಇನ್ನೊಬ್ಬರಿಗೆ ವರ್ಗಾಯಿಸುವುದಕ್ಕೆ ಎಂಡಾರ್ಸ್‌ಮೆಂಟ್ ಎನ್ನುತ್ತಾರೆ. ಕನ್ನಡದಲ್ಲಿ ಹಿಂಬರಹ ಎನ್ನಬಹುದು. ಆ ಇಂಗ್ಲಿಷ್ ಪದದ ಬೇರು ಲ್ಯಾಟಿನ್ನಿನ ‘ಡಾರ್ಸಂ’, ಅಂದರೆ ಬೆನ್ನು. ಉರ್ದುವಿನ ಹಳೆಯ ಕಚೇರಿ ಭಾಷೆಯಲ್ಲಿ ಇದಕ್ಕೆ ‘ಇಬಾರತ್-ಎ-ಜಹ್ರೀ’ ಎನ್ನುತ್ತಿದ್ದರು. ಅರಬಿಯ ‘ಜಹ್ರ್’ ಎಂದರೂ ಬೆನ್ನೇ. ಬರೆಯುವಾಗ ಅಕ್ಷರ ಬೇರೆಯಾದರೂ, ಬಾಯಲ್ಲಿ ಹೇಳುವಾಗ ಬೆನ್ನೆಂಬ ಅರ್ಥದ ಜಹ್ರ್ ಮತ್ತು ವಿಷವೆಂಬ ಅರ್ಥದ ಜಹ್ರ್ ಎರಡೂ ಉರ್ದುವಿನಲ್ಲಿ ಒಂದೇ ತೆರನಾಗಿ ಕೇಳಿಸುತ್ತವೆ. ಶಾಲೆಯಲ್ಲಿ ಉರ್ದು ಕಲಿಯುವಾಗ ಇದು ನಮಗೆ ಬರೀ ಕಾಗುಣಿತದ ತೊಂದರೆಯಾಗಿತ್ತು. ಚೆಕ್ಕಿನ ಬೆನ್ನಿನ ಮೇಲಿನ ಬರಹ ಕೆಲವೊಮ್ಮೆ ನಿಜಕ್ಕೂ ವಿಷವಾಗುತ್ತದೆಂದು ತಿಳಿದದ್ದು ಬಹಳ ತಡವಾಗಿ.

ವ್ಯವಹಾರವನ್ನು ಬರೆದಿಡಬೇಕೆಂಬ ಶಿಸ್ತು ನಮಗೆ ಹೊಸದಲ್ಲ. ಪವಿತ್ರ ಕುರ್‌ಆನಿನ ಅತ್ಯಂತ ದೀರ್ಘವಾದ ಸೂಕ್ತ, ಅಲ್ ಬಕರ ಅಧ್ಯಾಯದ 282ನೆಯದು, ನಮಾಝಿನ ಬಗೆಗಾಗಲಿ ಉಪವಾಸದ ಬಗೆಗಾಗಲಿ ಇಲ್ಲ. ಅದು ಇರುವುದು ಸಾಲದ ಪತ್ರ ಬರೆಯುವ ಬಗೆಗೆ. ಅವಧಿ ಗೊತ್ತುಮಾಡಿದ ಸಾಲವನ್ನು ಬರೆದಿಡಬೇಕು, ಬರೆಯುವವನು ನ್ಯಾಯವಾಗಿ ಬರೆಯಬೇಕು, ಸಾಲಗಾರನೇ ಹೇಳಿ ಬರೆಸಬೇಕು, ಹೇಳಿ ಬರೆಸಲಾಗದವನ ಪರವಾಗಿ ಅವನ ಪೋಷಕನು ನ್ಯಾಯದಿಂದ ಬರೆಸಬೇಕು, ಸಾಕ್ಷಿಗಳಿರಬೇಕು, ಮೊತ್ತ ಚಿಕ್ಕದೆಂದು ಬೇಸರಪಡಬಾರದು ಎಂದು ಅಲ್ಲಿ ಆದೇಶವಿದೆ. ದುರ್ಬಲನ ಪರವಾಗಿ ಕಾಗದವೇ ಮಾತಾಡಬೇಕು ಎಂಬುದು ಇದರ ತಿರುಳು.

ಆದರೆ ಕಾಗದ ಹುಟ್ಟಿದ ಮೇಲೆ ಅದರ ಕೈಬದಲಾವಣೆಯೂ ಹುಟ್ಟುತ್ತದೆ. ಇಮಾಮ್ ಮಾಲಿಕರ ‘ಮುವತ್ತಾ’ದಲ್ಲಿ ಇಂಥ ಒಂದು ಪ್ರಸಂಗ ದಾಖಲಾಗಿದೆ. ಮರ್ವಾನ್ ಬಿನ್ ಹಕಮ್ ಮದೀನಾದ ಅಧಿಕಾರಿಯಾಗಿದ್ದ ಕಾಲ. ಕೆಂಪು ಸಮುದ್ರದ ದಡದ ಅಲ್‌ಜಾರ್ ಎಂಬ ಬಂದರಿನಲ್ಲಿದ್ದ ಧಾನ್ಯಕ್ಕಾಗಿ ಜನರಿಗೆ ಚೀಟಿಗಳನ್ನು ಕೊಡಲಾಗಿತ್ತು. ಆ ಚೀಟಿಗೆ ಅರಬಿಯಲ್ಲಿ ‘ಸಕ್ಕ್’ ಎಂದು ಹೆಸರು, ಬಹುವಚನದಲ್ಲಿ ‘ಸುಕೂಕ್’. ಧಾನ್ಯ ಕೈಗೆ ಬರುವ ಮೊದಲೇ ಜನ ಆ ಚೀಟಿಗಳನ್ನು ತಮ್ಮತಮ್ಮಲ್ಲೇ ಕೊಳ್ಳುವುದು, ಮಾರುವುದು ಶುರುವಾಯಿತು. ಪ್ರವಾದಿವರ್ಯರ(ಸ) ಸಂಗಾತಿ ಝೈದ್ ಬಿನ್ ಸಾಬಿತ್(ರ) ಇನ್ನೊಬ್ಬ ಸಂಗಾತಿಯೊಡನೆ ಮರ್ವಾನನ ಬಳಿಗೆ ಹೋಗಿ, ನೀನು ಬಡ್ಡಿಯನ್ನು ಸಮ್ಮತಿಸುತ್ತಿದ್ದೀಯಾ ಎಂದು ನೇರವಾಗಿ ಪ್ರಶ್ನಿಸಿದರು. ಮರ್ವಾನ್ ಕಾವಲುಗಾರರನ್ನು ಕಳಿಸಿ, ಚೀಟಿಗಳನ್ನು ಕೊಂಡವರಿಂದ ಹಿಂದಕ್ಕೆ ಪಡೆದು ಮೂಲ ಹಕ್ಕುದಾರರಿಗೆ ಮರಳಿಸಿದ. ಯಾರ ಹೆಸರಿಗೆ ಚೀಟಿ ಬಂದಿದೆಯೋ ಆ ಹಸಿದವನ ಹೊಟ್ಟೆಗೆ ಧಾನ್ಯ ಸೇರಬೇಕೇ, ನಡುವೆ ಚೀಟಿ ಕೊಂಡವನ ಗೋದಾಮಿಗೆ ಸೇರಬೇಕೇ ಎಂಬ ಪ್ರಶ್ನೆ ಏಳನೆಯ ಶತಮಾನದಲ್ಲೇ ಎದ್ದಿತ್ತು. ಖಾಲಾರ ಚೆಕ್ಕಿನಲ್ಲಿದ್ದದ್ದೂ ಅದೇ ಪ್ರಶ್ನೆ.

ವರ್ಗಾವಣೆಯೇ ಕೂಡದೆಂದು ಫಿಕ್ಹ್ ಪಂಡಿತರು ಹೇಳಲಿಲ್ಲ. ಸಾಲದ ಹೊಣೆಯನ್ನು ಒಬ್ಬನಿಂದ ಇನ್ನೊಬ್ಬನಿಗೆ ವರ್ಗಾಯಿಸುವುದಕ್ಕೆ ಅವರು ‘ಹವಾಲಾ’ ಎಂದು ಕರೆದು ಅದಕ್ಕೆ ನಿಯಮ ರೂಪಿಸಿದರು. ಇಂದು ಪತ್ರಿಕೆಗಳಲ್ಲಿ ಕಳ್ಳ ವ್ಯವಹಾರದ ಹೆಸರಾಗಿರುವ ಈ ಪದ ಒಂದು ಕಾಲಕ್ಕೆ ನಂಬಿಕೆಯ ಹೆಸರಾಗಿತ್ತು. ಹೊಣೆ ವರ್ಗಾವಣೆಯಾದ ಮೇಲೆ ಹೊಸಬ ಹಣ ಕೊಡದಿದ್ದರೆ ಮೊದಲಿನವನನ್ನು ಕೇಳಬಹುದೇ? ಶಾಫಿಈ ಪಂಥದವರು ಇಲ್ಲ ಎಂದರು. ಹೊಸಬ ದಿವಾಳಿಯಾಗಿ ಸತ್ತರೆ, ಅಥವಾ ಪುರಾವೆಯಿಲ್ಲದಲ್ಲಿ ಆಣೆ ಮಾಡಿ ನಿರಾಕರಿಸಿದರೆ ಕೇಳಬಹುದು ಎಂದು ಹನಫಿಗಳು ಹೇಳಿದರು. ಇಂದಿನ ನಮ್ಮ ಕಾನೂನೂ ಇದೇ ಪ್ರಶ್ನೆಗೆ ತನ್ನ ಉತ್ತರ ಕೊಟ್ಟಿದೆ. ಚೆಕ್ಕಿನ ಬೆನ್ನಿಗೆ ಸಹಿ ಮಾಡಿ ಇನ್ನೊಬ್ಬರಿಗೆ ಕೊಟ್ಟವನು, ಚೆಕ್ಕು ಅಮಾನ್ಯವಾದರೆ ಮುಂದಿನವರಿಗೆ ತಾನೂ ಹೊಣೆಗಾರ. ಆ ಹೊಣೆ ಬೇಡವಾದರೆ ಸಹಿಯ ಜೊತೆಗೇ ಹಾಗೆಂದು ಬರೆಯಬೇಕು. ಬೆನ್ನ ಮೇಲೆ ಸಹಿ ಹಾಕಿದವರು ಹಕ್ಕನ್ನು ಬಿಟ್ಟುಕೊಡುವುದಷ್ಟೇ ಅಲ್ಲ, ಹೊಣೆಯನ್ನೂ ಹೊರುತ್ತಾರೆ.

ಹತ್ತನೆಯ ಶತಮಾನದ ಪ್ರವಾಸಿ ಇಬ್ನ್ ಹೌಕಲ್ ಸಹಾರಾ ಮರುಭೂಮಿಯ ದಕ್ಷಿಣ ಅಂಚಿನ ಔದಗುಸ್ತ್ ಪಟ್ಟಣದಲ್ಲಿ 42,000 ದೀನಾರುಗಳ ಒಂದು ಸಕ್ಕನ್ನು ಕಂಡದ್ದಾಗಿ ಬರೆದಿದ್ದಾನೆ. ಸಾಲ ಮಾಡಿದವನು ಅಲ್ಲಿನ ವರ್ತಕ, ಕೊಟ್ಟವನು ಮರುಭೂಮಿಯಾಚೆಯ ಸಿಜಿಲ್‌ಮಾಸಾದವನು. ಈ ಸಂಗತಿಯನ್ನು ಇರಾಕಿನಲ್ಲಿ ಹೇಳಿದಾಗ ಕೇಳಿದವರು ಬೆರಗಾದರಂತೆ. ಇಂಗ್ಲಿಷಿನ ‘ಚೆಕ್’ ಪದ ಈ ‘ಸಕ್ಕ್’ನಿಂದಲೇ ಬಂದಿತೆಂದು ನಮ್ಮ ಸಭೆಗಳಲ್ಲಿ ಹೆಮ್ಮೆಯಿಂದ ಹೇಳುವವರಿದ್ದಾರೆ. ಇಂಗ್ಲಿಷ್ ನಿಘಂಟುಕಾರರು ಅದನ್ನು ಒಪ್ಪುವುದಿಲ್ಲ. ಪರಿಶೀಲಿಸು, ತಡೆ ಎಂಬ ಅರ್ಥದ ‘ಚೆಕ್’ನಿಂದ ಅದು ಬಂದಿತೆಂದೂ, ಆ ‘ಚೆಕ್’ ಚದುರಂಗದ ಫಾರ್ಸಿ ‘ಶಾಹ್’ನಿಂದ ಬಂದಿತೆಂದೂ ಅವರ ಅಭಿಪ್ರಾಯ. ನಿಘಂಟಿನ ಈ ಜಗಳ ಗೆಲ್ಲುವುದರಿಂದ ಖಾಲಾರಂಥವರಿಗೆ ಮೂರು ಕಾಸಿನ ಉಪಯೋಗವಿಲ್ಲ. ನಮ್ಮ ಹಿರಿಯರು ಕಾಗದದ ಬಗ್ಗೆ ಇಟ್ಟುಕೊಂಡಿದ್ದ ಎಚ್ಚರ ನಮ್ಮಲ್ಲಿ ಉಳಿದಿದೆಯೇ ಎಂಬುದೇ ಮುಖ್ಯ.

ಆ ಎಚ್ಚರ ತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ ಬೀದರಿನ ಚರಿತ್ರೆಯಲ್ಲೇ ದೊಡ್ಡ ನಿದರ್ಶನವಿದೆ. ಇರಾನಿನ ಗೀಲಾನ್ ಸೀಮೆಯಿಂದ ವರ್ತಕನಾಗಿ ಬಂದ ಮಹಮೂದ್ ಗಾವಾನ್ ಬಹಮನಿ ಸುಲ್ತಾನರ ವಜೀರನಾದ. ‘ಮಲಿಕ್-ಉತ್-ತುಜ್ಜಾರ್’, ಅಂದರೆ ವರ್ತಕರ ಒಡೆಯ, ಎಂಬ ಬಿರುದು ಅವನಿಗಿತ್ತು. 1472ರಲ್ಲಿ ಅವನು ಕಟ್ಟಿಸಿದ ಮದರಸಾದ ಮಿನಾರು ಇಂದಿಗೂ ಬೀದರ್ ನಗರದ ನಡುವೆ ನಿಂತಿದೆ. ಪತ್ರಲೇಖನ ಕಲೆಯ ಬಗ್ಗೆ ಅವನು ಪುಸ್ತಕವನ್ನೇ ಬರೆದಿದ್ದಾನೆ. ಅವನ ಪತ್ರಗಳ ಸಂಗ್ರಹ ‘ರಿಯಾಜ್-ಉಲ್-ಇನ್ಶಾ’ ಪ್ರಸಿದ್ಧವಾಗಿದೆ. ಅಂಥವನನ್ನು ಕೊಂದದ್ದು ಒಂದು ಪತ್ರ.

ಇತಿಹಾಸಕಾರ ಫರಿಶ್ತಾ ಹೇಳುವ ಪ್ರಕಾರ, ಗಾವಾನನ ವಿರೋಧಿಗಳು ಅವನ ಮೊಹರು ಕಾಯುವ ಸೇವಕನಿಗೆ ಮದ್ಯ ಕುಡಿಸಿ ಒಂದು ಖಾಲಿ ಕಾಗದಕ್ಕೆ ಮೊಹರು ಹಾಕಿಸಿಕೊಂಡರು. ಆಮೇಲೆ ಆ ಕಾಗದದ ಮೇಲೆ, ಬಹಮನಿ ರಾಜ್ಯದ ಮೇಲೆ ದಂಡೆತ್ತಿ ಬರುವಂತೆ ಒರಿಸ್ಸಾದ ರಾಜನಿಗೆ ಆಹ್ವಾನ ಬರೆದರು. ಕಾಗದ ಮುಹಮ್ಮದ್ ಶಾಹ್ ಸುಲ್ತಾನನ ಕೈಗೆ ಸಿಕ್ಕಿತು. ಮೊಹರು ತನ್ನದೇ, ಆದರೆ ಬರಹ ತನ್ನದಲ್ಲ ಎಂದು ಗಾವಾನ್ ಹೇಳಿದ. ಅವನ ಮಾತನ್ನು ಕೇಳುವವರು ಇರಲಿಲ್ಲ. 1481ರ ಏಪ್ರಿಲ್‌ನಲ್ಲಿ ಎಪ್ಪತ್ತು ದಾಟಿದ ಆ ಮುದುಕನ ತಲೆ ಉರುಳಿತು. ಮರುವರ್ಷವೇ ಸುಲ್ತಾನನೂ ತೀರಿಕೊಂಡ, ರಾಜ್ಯವೂ ಒಡೆಯತೊಡಗಿತು. ಮೊಹರಿನ ಮೇಲ್ಗಡೆ ಖಾಲಿ ಜಾಗವಿದ್ದರೆ ಅದನ್ನು ತುಂಬುವವರು ಯಾರು ಎಂಬ ಪ್ರಶ್ನೆಗೆ ಒಂದು ರಾಜ್ಯವೇ ಬೆಲೆ ತೆತ್ತಿತು.

ವರ್ತಕರ ಹುಂಡಿ ಪದ್ಧತಿ ಇಂಥ ಅಪಾಯಗಳನ್ನು ಕಂಡೇ ತನ್ನ ಕಟ್ಟುಪಾಡುಗಳನ್ನು ಮಾಡಿಕೊಂಡಿತ್ತು. ತೋರಿಸಿದ ಕೂಡಲೇ ಹಣ ಕೊಡಬೇಕಾದದ್ದು ದರ್ಶನಿ ಹುಂಡಿ. ಅವಧಿ ಮುಗಿದ ಮೇಲೆ ಕೊಡಬೇಕಾದದ್ದು ಮುದ್ದತಿ ಹುಂಡಿ. ‘ಶಾಹಜೋಗ್’ ಹುಂಡಿಯ ಹಣವನ್ನು ದಾರಿಹೋಕನಿಗೆ ಕೊಡುವಂತಿರಲಿಲ್ಲ. ಪೇಟೆಯಲ್ಲಿ ಎಲ್ಲರೂ ಬಲ್ಲ ‘ಶಾಹ’ನ, ಅಂದರೆ ಪ್ರತಿಷ್ಠಿತ ಸಾಹುಕಾರನ ಮೂಲಕವೇ ಅದು ಸಲ್ಲಬೇಕಿತ್ತು. ಹುಂಡಿ ಕಳೆದುಹೋದರೆ ‘ಪೇಠ್’ ಎಂಬ ಎರಡನೆಯ ಪ್ರತಿ, ಅದೂ ಕಳೆದರೆ ‘ಪರಪೇಠ್’ ಎಂಬ ಮೂರನೆಯ ಪ್ರತಿ. ಇಂದಿನ ಚೆಕ್ಕಿನ ಮೇಲೆ ಎಳೆಯುವ ಎರಡು ಗೀರುಗಳೂ ಮಾಡುವುದು ಶಾಹಜೋಗ್ ಹುಂಡಿಯ ಕೆಲಸವನ್ನೇ. ಗೀರು ಬಿದ್ದ ಚೆಕ್ಕಿನ ಹಣವನ್ನು ಕೌಂಟರಿನಲ್ಲಿ ನಗದಾಗಿ ಕೊಡುವುದಿಲ್ಲ. ಅದು ಬ್ಯಾಂಕ್ ಖಾತೆಯ ಮೂಲಕವೇ ಹೋಗಬೇಕು. ಬ್ರಿಟಿಷ್ ಇಂಡಿಯಾ 1881ರಲ್ಲಿ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯಿದೆ ಮಾಡಿದಾಗ, ದೇಶಭಾಷೆಗಳಲ್ಲಿ ಬರೆದ ಪತ್ರಗಳ ಬಗೆಗಿನ ಸ್ಥಳೀಯ ರೂಢಿಗಳನ್ನು ಅದರ ಮೊದಲ ಕಲಮಿನಲ್ಲೇ ಉಳಿಸಿತು. ಹುಂಡಿಯ ರೂಢಿ ಅಷ್ಟು ಗಟ್ಟಿಯಾಗಿತ್ತು.

ಬೀದರ್ ಆಗ ನಿಜಾಮರ ಸೀಮೆ. ಇಲ್ಲಿನ ನಾಣ್ಯ ಬೇರೆ, ಕಚೇರಿ ಭಾಷೆ ಬೇರೆ. ಹಾಲಿ ಸಿಕ್ಕಾ ಒಂದು ಕಡೆ, ಬ್ರಿಟಿಷರ ‘ಕಲ್ದಾರ್’ ರೂಪಾಯಿ ಇನ್ನೊಂದು ಕಡೆ. ಹೈದರಾಬಾದ್ ರಾಜ್ಯ 1918ರಿಂದ ಹೊರಡಿಸಿದ ನೋಟುಗಳಲ್ಲಿ ಉರ್ದು ಪ್ರಧಾನವಾಗಿತ್ತು. ಆದರೆ ಮೌಲ್ಯವನ್ನು ಕನ್ನಡ, ತೆಲುಗು, ಮರಾಠಿಗಳಲ್ಲೂ ಬರೆದಿರುತ್ತಿತ್ತು. 1941ರಲ್ಲಿ ಹೈದರಾಬಾದ್ ಸ್ಟೇಟ್ ಬ್ಯಾಂಕ್ ಸ್ಥಾಪನೆಯಾಯಿತು. 1942ರ ಏಪ್ರಿಲ್ 5ರಂದು ಹೈದರಾಬಾದಿನ ಗನ್‌ಫೌಂಡ್ರಿಯಲ್ಲಿ ಅದರ ಮೊದಲ ಶಾಖೆ ಬಾಗಿಲು ತೆರೆಯಿತು. 1948ರ ಸೆಪ್ಟೆಂಬರಿನಲ್ಲಿ ರಾಜ್ಯ ಭಾರತದಲ್ಲಿ ಸೇರಿತು. ಏಳು ಹಾಲಿ ರೂಪಾಯಿಗೆ ಆರು ಭಾರತೀಯ ರೂಪಾಯಿಯಂತೆ ಲೆಕ್ಕ ನಡೆಯಿತು. 1956ರಲ್ಲಿ ಬೀದರ್ ಜಿಲ್ಲೆ ಮೈಸೂರು ರಾಜ್ಯಕ್ಕೆ ಬಂತು. ಅದೇ ವರ್ಷ ಆ ಬ್ಯಾಂಕು ಸ್ಟೇಟ್ ಬ್ಯಾಂಕ್ ಆಫ್ ಹೈದರಾಬಾದ್ ಆಯಿತು. 1959ರಲ್ಲಿ ಹಾಲಿ ಸಿಕ್ಕಾದ ಮಾನ್ಯತೆ ಪೂರ್ತಿ ರದ್ದಾಯಿತು.

ಒಂದೇ ತಲೆಮಾರಿನಲ್ಲಿ ನಾಣ್ಯ, ರಾಜ್ಯ, ಕಚೇರಿ ಭಾಷೆ ಮೂರೂ ಬದಲಾದದ್ದನ್ನು ನಮ್ಮ ಭಾಗದ ಜನ ಕಂಡರು. ನಿಜಾಮರ ಕಾಲದಲ್ಲಿ ಭಾಲ್ಕಿ ಹಿರೇಮಠದ ಡಾ. ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಫಲಕ ಹಾಕಿ ಒಳಗೆ ಕನ್ನಡ ಕಲಿಸಿದರು. ಕಚೇರಿಯ ಭಾಷೆ ಬಾರದವನ ಸಂಕಟವೇನೆಂದು ಅಂದು ಕನ್ನಡಿಗರಿಗೆ ಗೊತ್ತಿತ್ತು. ಬರೀ ಉರ್ದು ಬಲ್ಲ ನಮ್ಮ ಖಾಲಾರಿಗೆ ಇಂದು ಅದೇ ಸಂಕಟ ಗೊತ್ತಿದೆ. ಹೆಸರು ಉರ್ದುವಿನಲ್ಲಿ ಹುಟ್ಟುತ್ತದೆ, ಪಡಿತರ ಚೀಟಿಯಲ್ಲಿ ಕನ್ನಡವಾಗುತ್ತದೆ, ಬ್ಯಾಂಕಿನಲ್ಲಿ ಇಂಗ್ಲಿಷಾಗುತ್ತದೆ. ಮೂರು ಲಿಪಿ ದಾಟುವಷ್ಟರಲ್ಲಿ ಬೀ, ಬೀಬಿ, ಬೇಗಂ ಒಬ್ಬರೇ ಎಂದು ಸಾಧಿಸಬೇಕಾಗುತ್ತದೆ. ಮಹಮ್ಮದ್, ಮೊಹಮ್ಮದ್, ಎಂಡಿ ಎಂಬ ಗಂಡಸರ ಪಾಡೂ ಇದೇ.

ಈಗ ಖಾಲಾರ ಪ್ರಶ್ನೆಗೆ ಬರೋಣ. ಕಾನೂನು ಹೇಳುವುದನ್ನು ಸರಳವಾಗಿ ಹೇಳುತ್ತೇವೆ. ಚೆಕ್ಕಿನ ಹಿಂದೆ ಬರೀ ಸಹಿ ಹಾಕಿದರೆ ಅದು ಖಾಲಿ ಹಿಂಬರಹ. ಇಂಥವರಿಗೆ ಕೊಡಿ ಎಂದು ಹೆಸರು ಬರೆದು ಸಹಿ ಮಾಡಿದರೆ ಅದು ಪೂರ್ಣ ಹಿಂಬರಹ. ಹೆಸರಿಗೆ ಬರೆದ ಚೆಕ್ಕಿನ ಬೆನ್ನಿಗೆ ಖಾಲಿ ಹಿಂಬರಹ ಬಿದ್ದರೆ ಅದು ಕೈಯಲ್ಲಿ ಹಿಡಿದವನ ಸೊತ್ತಾಗುತ್ತದೆ. ಅಷ್ಟೇ ಅಲ್ಲ, 1881ರ ಕಾಯಿದೆಯ 49ನೆಯ ಕಲಮಿನ ಪ್ರಕಾರ, ಚೆಕ್ಕು ಹಿಡಿದವನು ತಾನು ಸಹಿ ಮಾಡದೆಯೇ ನಿಮ್ಮ ಸಹಿಯ ಮೇಲ್ಗಡೆ ಬೇರೊಬ್ಬರ ಹೆಸರು ಬರೆದು ಅವರಿಗೆ ಹಣ ಸಲ್ಲುವಂತೆ ಮಾಡಬಹುದು. ಗಾವಾನನ ಮೊಹರಿನ ಮೇಲೆ ಇತರರು ಬರೆದದ್ದು ಮೋಸವಾಗಿತ್ತು. ಇಲ್ಲಿ ಸಹಿ ಮಾಡಿದವರೇ ಬರೆಯಲು ಅನುಮತಿ ಕೊಟ್ಟಂತಾಗುತ್ತದೆ.

ಸಾಲಕ್ಕೆ ಭದ್ರತೆಯೆಂದು ಸಹಿ ಮಾಡಿದ ಖಾಲಿ ಚೆಕ್ಕು ಕೊಡುವವರೂ ಇದನ್ನು ಗಮನಿಸಬೇಕು. ಚೆಕ್ಕು ಅಮಾನ್ಯವಾದರೆ ಶಿಕ್ಷೆ ವಿಧಿಸುವ 138ನೆಯ ಕಲಮು 1989ರ ಏಪ್ರಿಲ್‌ನಿಂದ ಜಾರಿಯಲ್ಲಿದೆ. ಸ್ವಂತ ಇಚ್ಛೆಯಿಂದ ಸಹಿ ಮಾಡಿ ಕೊಟ್ಟ ಖಾಲಿ ಚೆಕ್ಕನ್ನು ಬೇರೆಯವರು ತುಂಬಿದ್ದರೂ, ಅದನ್ನು ಸಾಲ ತೀರಿಸಲು ಕೊಟ್ಟದ್ದೆಂದೇ ಕಾನೂನು ಮೊದಲು ಭಾವಿಸುತ್ತದೆ, ಅಲ್ಲವೆಂದು ಸಾಧಿಸುವ ಹೊರೆ ಸಹಿ ಮಾಡಿದವರದು ಎಂದು ಸುಪ್ರೀಂ ಕೋರ್ಟ್ 2019ರ ಬೀರ್ ಸಿಂಗ್ ಪ್ರಕರಣದಲ್ಲಿ ಹೇಳಿದೆ.

ಇದಕ್ಕೆ ರಕ್ಷಣೆಯೂ ಇದೆ. ಚೆಕ್ಕಿಗೆ ಎರಡು ಗೀರು ಎಳೆದು ‘ಅಕೌಂಟ್ ಪೇಯಿ’ ಎಂದು ಬರೆಯುವುದು. ಈ ಎರಡು ಪದಗಳು 1881ರ ಕಾಯಿದೆಯಲ್ಲಿಲ್ಲ, ಬ್ಯಾಂಕುಗಳ ರೂಢಿಯಿಂದ ಬಂದವು. ಷೇರುಗಳ ಸಾರ್ವಜನಿಕ ವಿತರಣೆಯಲ್ಲಿ ಅರ್ಜಿದಾರರ ಹೆಸರಿಗೆ ಬಂದ ಮರುಪಾವತಿ ಪತ್ರಗಳು ದಲ್ಲಾಳಿಗಳ ಖಾತೆಗೆ ಜಮೆಯಾದ ಹಗರಣ ಹೊರಬಿದ್ದ ಮೇಲೆ, 2006ರ ಜನವರಿ 23ರಂದು ರಿಸರ್ವ್ ಬ್ಯಾಂಕ್ ಕಟ್ಟುನಿಟ್ಟಿನ ಆದೇಶ ಹೊರಡಿಸಿತು. ಅಕೌಂಟ್ ಪೇಯಿ ಚೆಕ್ಕಿನ ಹಣ ಅದರಲ್ಲಿ ಹೆಸರಿರುವವರ ಖಾತೆಗೇ ಹೋಗಬೇಕು, ಹಿಂಬರಹವಿದೆಯೆಂದು ಬೇರೆಯವರ ಖಾತೆಗೆ ಹಾಕಬಾರದು. ಸಹಕಾರ ಪತ್ತಿನ ಸಂಘಗಳು ತಮ್ಮ ಸದಸ್ಯರ 50,000 ರೂಪಾಯಿವರೆಗಿನ ಚೆಕ್ಕನ್ನು ವಸೂಲು ಮಾಡಿಕೊಡಲು ಮಾತ್ರ ಆಮೇಲೆ ಸಡಿಲಿಕೆ ಬಂತು. ಅಲ್‌ಜಾರ್‌ನ ಚೀಟಿಗಳನ್ನು ಹಕ್ಕುದಾರರಿಗೆ ಮರಳಿಸಿದ ಆ ಹಳೆಯ ತೀರ್ಮಾನ ನಮಗಿಲ್ಲಿ ನೆನಪಾಗುತ್ತದೆ.

ಚೆಕ್ಕು ಬರೆದುಕೊಟ್ಟವನು ಗೀರು ಎಳೆಯಲು ಮರೆತಿದ್ದರೆ, ಪಡೆದವರೇ ಎಳೆಯಬಹುದು. ಕಾಯಿದೆಯ 125ನೆಯ ಕಲಮು ಆ ಹಕ್ಕನ್ನು ಕೊಟ್ಟಿದೆ. ನಾವು ಕಂಡಂತೆ ಇದು ಬಹುಪಾಲು ಜನರಿಗೆ ಗೊತ್ತಿಲ್ಲ. ಖಾಲಾರ ಚೆಕ್ಕಿಗೆ ಗೀರು ಇರಲಿಲ್ಲ. ಅವರ ಕೈಗೇ ಪೆನ್ನು ಕೊಟ್ಟೆವು. ಮೂಲೆಯಲ್ಲಿ ಎರಡು ಗೀರು ಎಳೆದರು, ನಡುವೆ ಬರೆಯಬೇಕಾದದ್ದನ್ನು ನಾವು ಬರೆದೆವು. ದಲಾಲನ ಖಾತೆಗೆ ಹೋಗುವ ದಾರಿ ಅಲ್ಲಿಗೆ ಮುಚ್ಚಿತು.

ಉಳಿದದ್ದು ಹೆಸರಿನ ತೊಡಕು. ಹಿಂದೆ ಇದಕ್ಕೆ ಒಂದು ರೂಢಿಯಿತ್ತು. ಚೆಕ್ಕಿನಲ್ಲಿ ಹೆಸರು ಹೇಗೆ ತಪ್ಪಾಗಿದೆಯೋ ಹಾಗೆಯೇ ಹಿಂದೆ ಸಹಿ ಮಾಡಿ, ಅದರ ಜೊತೆಗೆ ಸರಿಯಾದ ಹೆಸರನ್ನೂ ಬರೆಯುತ್ತಿದ್ದರು. ಬರೆದುಕೊಟ್ಟವನೇ ತಿದ್ದಿ ಪಕ್ಕದಲ್ಲಿ ಸಹಿ ಮಾಡುವುದೂ ಇತ್ತು. ಚೆಕ್ಕಿನ ಬದಲು ಅದರ ಚಿತ್ರವೇ ಊರೂರು ಸಂಚರಿಸುವ ಸಿ.ಟಿ.ಎಸ್. ವ್ಯವಸ್ಥೆ 2008ರಲ್ಲಿ ದೆಹಲಿಯಿಂದ ಶುರುವಾದ ಮೇಲೆ ಕಾಲ ಬದಲಾಯಿತು. ಈ ವ್ಯವಸ್ಥೆಯಲ್ಲಿ ಹೋಗುವ ಚೆಕ್ಕಿನಲ್ಲಿ ದಿನಾಂಕ ಬಿಟ್ಟು ಬೇರೇನನ್ನೂ ತಿದ್ದುವಂತಿಲ್ಲ, ಹೆಸರು ಅಥವಾ ಮೊತ್ತ ತಪ್ಪಿದ್ದರೆ ಹೊಸ ಚೆಕ್ಕೇ ಬೇಕು ಎಂಬ ನಿಯಮ 2010ರ ಡಿಸೆಂಬರಿನಿಂದ ಬಂತು. ಚೆಕ್ಕಿನ ಆಯುಷ್ಯವೂ 2012ರ ಏಪ್ರಿಲ್‌ನಿಂದ ಆರು ತಿಂಗಳ ಬದಲು ಮೂರು ತಿಂಗಳಾಯಿತು. 2025ರ ಅಕ್ಟೋಬರ್ 4ರಿಂದ ಚೆಕ್ಕುಗಳು ದಿನವಿಡೀ ನಿರಂತರವಾಗಿ ವಿಲೇವಾರಿಯಾಗುತ್ತಿವೆ. ಹಣ ಬೇಗ ಬರುತ್ತದೆ, ನಿಜ. ಆದರೆ ಒಂದು ಅಕ್ಷರ ತಪ್ಪಿದವರ ಚೆಕ್ಕು ಅಷ್ಟೇ ಬೇಗ ಹಿಂದಿರುಗುತ್ತದೆ.

ಆದ್ದರಿಂದ ಚೆಕ್ಕನ್ನು ಕೈಗೆ ತೆಗೆದುಕೊಳ್ಳುವಾಗಲೇ ಪಾಸ್‌ಬುಕ್ಕಿನ ಹೆಸರಿನೊಡನೆ ತಾಳೆ ನೋಡಬೇಕು. ತುಂಬುವಾಗ ಹಿಂಭಾಗದಲ್ಲಿ ತಮ್ಮ ಖಾತೆ ಸಂಖ್ಯೆ ಬರೆಯಬೇಕು. ಡಬ್ಬಿಯಲ್ಲಿ ಹಾಕಿ ಎಂದು ಹೇಳಿದರೂ, ಕೌಂಟರಿನಲ್ಲಿ ಕೊಟ್ಟು ಸ್ಲಿಪ್ಪಿನ ಅರ್ಧಕ್ಕೆ ಮೊಹರು ಹಾಕಿಸಿಕೊಳ್ಳುವ ಹಕ್ಕು ಗ್ರಾಹಕರಿಗಿದೆ. ಕನ್ನಡದಲ್ಲಿ ಚೆಕ್ಕು ಬರೆಯಲೂ ರಿಸರ್ವ್ ಬ್ಯಾಂಕಿನ ಒಪ್ಪಿಗೆಯಿದೆ. ಖಾಲಾರ ಉರ್ದು ಸಹಿಯೂ, ಅದು ಬ್ಯಾಂಕಿನಲ್ಲಿರುವ ಮಾದರಿಗೆ ಹೊಂದಿದರೆ, ಪೂರ್ತಿ ಸಹಿಯೇ.

ಹಳೆಯ ಹೆಸರುಗಳು ಒಂದೊಂದಾಗಿ ಮರೆಯಾಗುತ್ತಿವೆ. ಸ್ಟೇಟ್ ಬ್ಯಾಂಕ್ ಆಫ್ ಹೈದರಾಬಾದ್ 2017ರ ಏಪ್ರಿಲ್ 1ರಂದು ಸ್ಟೇಟ್ ಬ್ಯಾಂಕ್ ಆಫ್ ಇಂಡಿಯಾದಲ್ಲಿ ಕರಗಿತು. ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರು 1906ರಲ್ಲಿ ಕಟ್ಟಿದ ಕಾರ್ಪೊರೇಷನ್ ಬ್ಯಾಂಕ್ 2020ರಲ್ಲಿ ಯೂನಿಯನ್ ಬ್ಯಾಂಕಿನಲ್ಲಿ ಸೇರಿತು. ಫೋನಿನಲ್ಲೇ ಹಣ ಕಳಿಸುವ ಈ ದಿನಗಳಲ್ಲಿ ಚೆಕ್ಕೂ ಒಂದು ದಿನ ಹುಂಡಿಯ ಹಾದಿ ಹಿಡಿಯಬಹುದು. ಆದರೆ ಹೆಬ್ಬೆಟ್ಟನ್ನು ಯಂತ್ರದ ಮೇಲೆ ಒತ್ತಿಸಿಕೊಂಡು ಎಷ್ಟು ಹಣ ತೆಗೆದರೆಂದು ಹೇಳದ ದಲಾಲರು ಆಗಲೂ ಇರುತ್ತಾರೆ. ಓದದೆ ಒತ್ತಿದ ಹೆಬ್ಬೆಟ್ಟೂ ಖಾಲಿ ಕಾಗದದ ಮೊಹರೇ.

ಜುಮಾ ನಮಾಝಿನ ನಂತರ ಹತ್ತು ನಿಮಿಷ, ಸ್ತ್ರೀಶಕ್ತಿ ಸಂಘದ ಸಭೆಯಲ್ಲಿ ಹತ್ತು ನಿಮಿಷ, ಮದರಸಾದ ಮಕ್ಕಳಿಗೆ ಒಂದು ತರಗತಿ. ಒಂದು ಚೆಕ್ಕು ಓದುವುದನ್ನು ಕಲಿಸಲು ಇಷ್ಟು ಸಾಕು. ಸಾಲಪತ್ರಕ್ಕೆ ಅಷ್ಟು ದೀರ್ಘವಾದ ಸೂಕ್ತವಿರುವ ಗ್ರಂಥವನ್ನು ದಿನವೂ ಓದುವ ನಾವು ಇದನ್ನು ದೀನಿನ ಹೊರಗಿನ ಕೆಲಸವೆಂದು ಭಾವಿಸಬೇಕಾಗಿಲ್ಲ.

ಖಾಲಾ ಮೂರು ಸಲ ಭಾಲ್ಕಿಗೆ ಓಡಾಡಿದರು. ಎರಡು ಸಲ ಅಡತಿ ಅಂಗಡಿಯ ಮುನೀಮ ನಾಳೆ ಬನ್ನಿ ಎಂದ. ಮೂರನೆಯ ಸಲ ‘ಬೀ’ ಎಂದೇ ಬರೆದ ಹೊಸ ಚೆಕ್ಕು ಕೊಟ್ಟ. ಅದನ್ನು ತಮ್ಮ ಖಾತೆಗೆ ತುಂಬಿದ ದಿನ, ಮೊಹರು ಬಿದ್ದ ಸ್ಲಿಪ್ಪಿನ ಅರ್ಧವನ್ನು ಸೆರಗಿನ ಗಂಟಿನಲ್ಲಿ ಕಟ್ಟಿಕೊಂಡು ನಮ್ಮ ಮನೆಯ ಮುಂದೆ ಹಾದುಹೋದರು. ಬಸ್ಸಿಗೆ ಹೊತ್ತಾಯಿತೆಂದು ಒಳಗೆ ಬರಲಿಲ್ಲ. ಬಾಗಿಲಲ್ಲೇ ನಿಂತು, ಪಕ್ಕದ ಮನೆಯ ಸೊಸೆಗೂ ಒಂದು ಚೆಕ್ಕು ಬಂದಿದೆಯೆಂದೂ, ಅದಕ್ಕೆ ಆ ಎರಡು ಗೀರುಗಳನ್ನು ತಾವೇ ಎಳೆಸಿದ್ದಾಗಿಯೂ ಹೇಳಿ ಹೋದರು.